ಇಂಗ್ಲಿಷ್ ಪದಗಳ ಗ್ರೀಕ್, ಲ್ಯಾಟಿನ್ ಬೇರುಗಳನ್ನು ಎಲ್ಲಿಯವರೆಗೆ ನಂಬಬಹುದು?

ಮಲೆನಾಡ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು ಬರುವ ಮಕ್ಕಳಿಗೆ ಮೊದಲ ಕೆಲವು ತಿಂಗಳು ಕಷ್ಟವಾಗುವುದು ವಿಷಯದಿಂದಲ್ಲ, ವಿಷಯದ ಹೆಸರುಗಳಿಂದ. ದ್ಯುತಿಸಂಶ್ಲೇಷಣೆಯನ್ನು ಚಿತ್ರ ಬರೆದು ವಿವರಿಸಬಲ್ಲ ಹುಡುಗಿ ಫೋಟೊಸಿಂಥೆಸಿಸ್ ಎಂಬ ಪದ ಕಂಡೊಡನೆ ಆ ಪಾಠವನ್ನು ಓದಿಯೇ ಇಲ್ಲದವಳಂತೆ ಪೆನ್ನು ಕೆಳಗಿಡುತ್ತಾಳೆ. ಆದ್ದರಿಂದ ಪದಗಳನ್ನು ಬಿಡಿಸಿ ಹೇಳುವ ಕ್ರಮವನ್ನು ಆರಂಭಿಸಿದೆ. ಫೋಟೊ ಎಂದರೆ ಬೆಳಕು, ಸಿನ್ ಎಂದರೆ ಒಟ್ಟಿಗೆ, ಥೆಸಿಸ್ ಎಂದರೆ ಇಡುವುದು, ಮೂರೂ ಗ್ರೀಕ್. ನಮ್ಮ ದ್ಯುತಿ, ಸಂ, ಶ್ಲೇಷಣೆ ಎಂಬ ಮೂರು ತುಂಡುಗಳು ಇವಕ್ಕೇ ಸಾಲಾಗಿ ಹೊಂದುತ್ತವೆ ಎಂದು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದಾಗ ಹಿಂದಿನ ಬೆಂಚಿನವರೂ ತಲೆಯೆತ್ತಿ ನೋಡಿದರು.

ತೊಡಕು ಶುರುವಾದದ್ದು ಆಮೇಲೆ. ಎರಡು ಕಾಲಿನ ಪ್ರಾಣಿ ಎಂಬರ್ಥದ ಬೈಪೆಡ್ ಎಂಬಲ್ಲಿ ಪೆಡ್ ಎಂದರೆ ಪಾದ ಎಂದು ಕಲಿತ ಹುಡುಗನೊಬ್ಬ, ‘ಹಾಗಾದರೆ ಪೀಡಿಯಾಟ್ರಿಷಿಯನ್ ಎಂದರೆ ಕಾಲಿನ ಡಾಕ್ಟರಾ ಮೇಡಂ?’ ಎಂದು ಕೇಳಿದ. ಹೋಮೋ ಸೇಪಿಯನ್ಸ್‌ನ ಹೋಮೋ ಮತ್ತು ಹೋಮೋಜೀನಿಯಸ್‌ನ ಹೋಮೋ ಎರಡೂ ಒಂದೇ ಎಂದು ತಿಳಿದು ಇನ್ನೊಬ್ಬಳು ಉತ್ತರ ಬರೆದಿದ್ದಾಳೆ. ಬೇರಿನ ಅರ್ಥ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಮಕ್ಕಳಿಗೆ ಹೇಳಲು ಏನಾದರೂ ಅಳತೆಗೋಲು ಇದೆಯೇ? ಭಾಷೆ ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಯ ಮೇಷ್ಟ್ರು:

ಮೇಡಂ, ನಿಮ್ಮ ಹುಡುಗನ ಪ್ರಶ್ನೆ ದಡ್ಡನ ಪ್ರಶ್ನೆಯಲ್ಲ. ಬೈಪೆಡ್‌ನ ಪೆಡ್ ಲ್ಯಾಟಿನ್ನಿನದು, ಪಾದ ಎಂದೇ ಅರ್ಥ. ಪೀಡಿಯಾಟ್ರಿಷಿಯನ್‌ನಲ್ಲಿ ಇರುವುದು ಮಗು ಎಂಬರ್ಥದ ಗ್ರೀಕಿನ ಪೈಡ್ ಮತ್ತು ವೈದ್ಯ ಎಂಬರ್ಥದ ಇಯಾಟ್ರೊಸ್. ಹಾಗೆಯೇ ಹೋಮೋ ಸೇಪಿಯನ್ಸ್‌ನ ಹೋಮೋ ಲ್ಯಾಟಿನ್ನಿನ ‘ಮನುಷ್ಯ’, ಇನ್ನೊಂದು ಗ್ರೀಕಿನ ‘ಒಂದೇ ಬಗೆಯ’. ಬೇರುಗಳ ಪಟ್ಟಿ ಬರೆಸುವಾಗ ಪ್ರತಿಯೊಂದರ ಮುಂದೆ ಅದು ಯಾವ ಭಾಷೆಯದು ಎಂದೂ ಬರೆಸಿದರೆ ಇಂಥ ಗೊಂದಲ ಅರ್ಧ ಕಳೆಯುತ್ತದೆ.

ಉಳಿದ ಅರ್ಧಕ್ಕೆ ನಮ್ಮ ವ್ಯಾಕರಣದಲ್ಲೇ ಒಂದು ಒಳ್ಳೆಯ ಉಪಾಯವಿದೆ. ಹೈಸ್ಕೂಲಿನಲ್ಲಿ ತತ್ಸಮ, ತದ್ಭವ ಎಂದು ಕಲಿತಿದ್ದೇವಲ್ಲ, 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ, ಅಂದರೆ ತದ್ಭವಕ್ಕೆ, ಒಂದು ಪ್ರಕರಣವನ್ನೇ ಮೀಸಲಿಟ್ಟನಲ್ಲ, ಅದೇ ವಿಂಗಡಣೆ ಇಂಗ್ಲಿಷಿಗೂ ಚೆನ್ನಾಗಿ ಹೊಂದುತ್ತದೆ. ಆಕಾಶ ಎಂಬುದು ಗ್ರಂಥದಿಂದ ಹಾಗೆಯೇ ಬಂದ ಪದ; ಆಗಸ ಎಂಬುದು ಜನರ ಬಾಯಲ್ಲಿ ಸವೆದು ಬಂದ ಅದೇ ಪದ. ಇಂಗ್ಲಿಷಿನಲ್ಲಿ ಫ್ರ್ಯಾಜೈಲ್ ಮತ್ತು ಫ್ರೇಲ್ ಹೀಗೆಯೇ ಇವೆ. ಎರಡಕ್ಕೂ ಮೂಲ ಲ್ಯಾಟಿನ್ನಿನ ಫ್ರಜಿಲಿಸ್. ಮೊದಲನೆಯದು ಪುಸ್ತಕದಿಂದ ಬಂತು, ಎರಡನೆಯದು ಫ್ರೆಂಚರ ಬಾಯಲ್ಲಿ ನವೆದು ಬಂತು. ಸೆಕ್ಯೂರ್ ಮತ್ತು ಶೂರ್ ಕೂಡ ಅಂಥದೇ ಜೋಡಿ.

ಬಾಯಿಂದ ಬಾಯಿಗೆ ಬಂದ ಪದಗಳೇ ಬೇರೆ, ಮೇಜಿನ ಮುಂದೆ ಕುಳಿತು ಕಟ್ಟಿದ ಪದಗಳೇ ಬೇರೆ ಎಂಬುದು ನನ್ನ ಅಳತೆಗೋಲು. ಕಟ್ಟಿದ ಪದವನ್ನು ಬಿಡಿಸಬಹುದು, ಏಕೆಂದರೆ ಕಟ್ಟಿದವನು ಆ ತುಂಡುಗಳನ್ನು ಗೊತ್ತಿದ್ದೇ ಜೋಡಿಸಿದ್ದಾನೆ. ಬಾಯಿಂದ ಬಂದ ಪದವನ್ನು ಬಿಡಿಸಲು ಹೋದರೆ ಪ್ರಯೋಜನವಿಲ್ಲ. ಅದು ಬಂದ ದಾರಿಯನ್ನು ತಿಳಿಯಬೇಕು.

ದಾರಿಗಳು ಹಲವು. ಇಂಗ್ಲಿಷಿನ ಪೂರ್ವಜರು ಬ್ರಿಟನ್ನಿಗೆ ಬರುವ ಮೊದಲು, ಯುರೋಪಿನ ಮುಖ್ಯಭೂಮಿಯಲ್ಲಿ ರೋಮನ್ನರ ನೆರೆಯಲ್ಲಿದ್ದಾಗಲೇ ವೈನ್, ಚೀಸ್, ಕಿಚನ್, ಸ್ಟ್ರೀಟ್, ಮೈಲ್ ಮೊದಲಾದ ಪದಗಳನ್ನು ಲ್ಯಾಟಿನ್ನಿನಿಂದ ಎತ್ತಿಕೊಂಡಿದ್ದರು. 597ರಲ್ಲಿ ರೋಮಿನಿಂದ ಅಗಸ್ಟಿನನ ಧರ್ಮಪ್ರಚಾರಕರ ತಂಡ ಕೆಂಟ್‌ಗೆ ಬಂದ ಮೇಲೆ ಚರ್ಚಿನ ಪದಗಳು ಹೆಚ್ಚಾಗಿ ಬಂದವು. ಬಿಷಪ್ ಎಂಬುದು ಗ್ರೀಕಿನ ಎಪಿಸ್ಕೊಪೊಸ್, ಅಂದರೆ ಮೇಲ್ವಿಚಾರಕ, ಎಂಬುದರ ಸವೆದ ರೂಪ ಎಂದರೆ ನಂಬುವುದು ಕಷ್ಟ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಆಡಳಿತ, ಕೋರ್ಟು, ಊಟ, ಉಡುಪು ಎಲ್ಲದಕ್ಕೂ ಫ್ರೆಂಚ್ ಹೊಕ್ಕಿತು. ಇಂಗ್ಲೆಂಡಿನ ಕೋರ್ಟುಗಳಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ಮಂಡಿಸಬೇಕೆಂಬ ಕಾನೂನು ಬಂದದ್ದೇ 1362ರಲ್ಲಿ. ಅಷ್ಟರೊಳಗೆ ಜಡ್ಜ್, ಜ್ಯೂರಿ, ಅಟಾರ್ನಿ ಎಲ್ಲವೂ ನೆಲೆಯೂರಿದ್ದವು. ನಮ್ಮ ಕಚೇರಿಗಳಲ್ಲಿ ವಕೀಲ, ಜಾಮೀನು, ಫಿರ್ಯಾದಿ, ತಕರಾರು ಎಂಬ ಪಾರಸಿ–ಅರಬ್ಬಿ ಪದಗಳು ದೊರೆಗಳು ಹೋದ ಮೇಲೂ ಉಳಿದದ್ದನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

1973ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಎಣಿಕೆಯ ಪ್ರಕಾರ, ಸುಮಾರು 80,000 ಪದಗಳ ನಿಘಂಟಿನಲ್ಲಿ ಫ್ರೆಂಚಿನಿಂದ ಬಂದವು ಮತ್ತು ಲ್ಯಾಟಿನ್ನಿನಿಂದ ಬಂದವು ತಲಾ ಶೇಕಡಾ 28ರಷ್ಟು, ಇಂಗ್ಲಿಷ್, ಜರ್ಮನ್ ಸೇರಿದ ಜರ್ಮ್ಯಾನಿಕ್ ಬಳಗದ ಪದಗಳು ಶೇಕಡಾ 25, ನೇರವಾಗಿ ಗ್ರೀಕಿನವು ಶೇಕಡಾ 5ಕ್ಕೆ ಸ್ವಲ್ಪ ಮೇಲೆ. ಆದರೆ ನಿಘಂಟಿನ ಲೆಕ್ಕವೇ ಬೇರೆ, ಮಾತಿನ ಲೆಕ್ಕವೇ ಬೇರೆ. ಮನೆಯಲ್ಲಿ ಆಡುವ ಇಂಗ್ಲಿಷಿನಲ್ಲಿ ಈಟ್, ಡ್ರಿಂಕ್, ಗೋ, ಕಮ್, ಹ್ಯಾಂಡ್, ವಾಟರ್ ಮುಂತಾದ ಹಳೆಯ ಪದಗಳದೇ ರಾಜ್ಯ.

ಮೇಜಿನ ಮುಂದೆ ಪದ ಹುಟ್ಟುವುದು ಹೇಗೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. 1834ರಲ್ಲಿ ಮೈಕೆಲ್ ಫ್ಯಾರಡೆಗೆ ವಿದ್ಯುದ್ವಿಭಜನೆಯ ಎರಡು ಅಗ್ರಗಳಿಗೆ ಹೆಸರು ಬೇಕಾಗಿತ್ತು. ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು ಬಂದ ಫ್ಯಾರಡೆಗೆ ಗ್ರೀಕ್ ಬರುತ್ತಿರಲಿಲ್ಲ. ಅವರು ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್ ಅವರಿಗೆ ಪತ್ರ ಬರೆದರು. ಹ್ಯೂವೆಲ್ ಸೂಚಿಸಿದ ಹೆಸರುಗಳೇ ಆನೋಡ್ ಮತ್ತು ಕ್ಯಾಥೋಡ್: ಹೊಡೊಸ್ ಎಂದರೆ ದಾರಿ, ಅನಾ ಎಂದರೆ ಮೇಲಕ್ಕೆ, ಕತಾ ಎಂದರೆ ಕೆಳಕ್ಕೆ. ದ್ರಾವಣದೊಳಗೆ ಚಲಿಸುವ ಕಣಕ್ಕೆ ‘ಹೋಗುತ್ತಿರುವಂಥದ್ದು’ ಎಂಬರ್ಥದ ಅಯಾನ್. ಸೈಂಟಿಸ್ಟ್ ಎಂಬ ಪದವನ್ನು ಟಂಕಿಸಿದವರೂ ಈ ಹ್ಯೂವೆಲ್ಲರೇ. ನಿಮ್ಮ ಮಕ್ಕಳಿಗೆ ಗ್ರೀಕ್ ಬರುವುದಿಲ್ಲವೆಂದು ಬೇಸರಿಸಬೇಡಿ. ಆನೋಡಿಗೆ ಹೆಸರು ಹುಡುಕುತ್ತಿದ್ದವರಿಗೂ ಬರುತ್ತಿರಲಿಲ್ಲ.

ಧಾರವಾಡದ ವೈದ್ಯ:

ಮೇಷ್ಟ್ರು ಹೇಳಿದ ಗೆರೆ ನಮ್ಮ ವೃತ್ತಿಯ ಪದಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೂತ್ರಪಿಂಡಕ್ಕೆ ರಕ್ತ ಒಯ್ಯುವ ನಾಳ ರೀನಲ್ ಆರ್ಟರಿ, ಆದರೆ ಅದರ ಉರಿಯೂತ ನೆಫ್ರೈಟಿಸ್. ಗರ್ಭಕೋಶ ಯುಟೆರಸ್, ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ ಹಿಸ್ಟರೆಕ್ಟಮಿ. ಅಂಗರಚನೆಯ ಹೆಸರುಗಳು ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಲ್ಯಾಟಿನ್ನಿನಲ್ಲಿ ಸ್ಥಿರವಾದವು. ರೋಗ ಮತ್ತು ಚಿಕಿತ್ಸೆಯ ಹೆಸರುಗಳು ಹೆಚ್ಚಾಗಿ ಗ್ರೀಕಿನವು, ಏಕೆಂದರೆ ಪ್ರಾಚೀನ ವೈದ್ಯರಾದ ಹಿಪಾಕ್ರಟೀಸನ ಪರಂಪರೆಯವರೂ ಗೇಲನನೂ ಬರೆದದ್ದು ಗ್ರೀಕಿನಲ್ಲಿ. ಅಪವಾದಗಳು ಬೇಕಾದಷ್ಟಿವೆ, ಆದರೂ ಅಂಗಕ್ಕೆ ಲ್ಯಾಟಿನ್, ರೋಗಕ್ಕೆ ಗ್ರೀಕ್ ಎಂದು ಒಮ್ಮೆ ಹೊಳೆದರೆ ಒಂದೇ ಅಂಗಕ್ಕೆ ಎರಡು ಹೆಸರು ಏಕೆ ಎಂಬ ಗೊಂದಲ ತಿಳಿಯಾಗುತ್ತದೆ.

ಆದರೆ ನಮ್ಮಲ್ಲೂ ಬೇರು ನಂಬಿ ಕೆಡುವ ಪದಗಳಿವೆ. ಆರ್ಟರಿ ಎಂಬುದರ ಗ್ರೀಕ್ ಮೂಲವಾದ ಅರ್ಟೀರಿಯ ಎಂಬುದನ್ನು ಶ್ವಾಸನಾಳಕ್ಕೂ ಬಳಸುತ್ತಿದ್ದರು. ಸತ್ತ ಮೇಲೆ ಅಪಧಮನಿಗಳು ಖಾಲಿಯಾಗಿ ಕಾಣುವುದರಿಂದ ಅವುಗಳಲ್ಲಿ ಹರಿಯುವುದು ಗಾಳಿ ಎಂದು ಪ್ರಾಚೀನರಲ್ಲಿ ಹಲವರು ತಿಳಿದಿದ್ದರು. ಅಲ್ಲಿರುವುದು ರಕ್ತವೇ ಎಂದು ಗೇಲನ್ ಪ್ರಯೋಗದಿಂದ ತೋರಿಸಬೇಕಾಯಿತು. ಶ್ವಾಸನಾಳಕ್ಕೆ ‘ಒರಟು ಅರ್ಟೀರಿಯ’ ಎಂದು ಹೆಸರಿತ್ತು, ಆ ಒರಟು ಎಂಬ ವಿಶೇಷಣವೇ ಇಂದಿನ ಟ್ರೇಕಿಯ.

ಮೇಡಂ, ನಿಮ್ಮ ತರಗತಿಗೆ ನೇರವಾಗಿ ಉಪಯೋಗವಾಗುವ ಒಂದು ಸುಳಿವು: ಹೈಪರ್ ಮತ್ತು ಹೈಪೊ. ಕಿವಿಗೆ ಎರಡೂ ಒಂದೇ ತೆರನಾಗಿ ಕೇಳಿಸುತ್ತವೆ, ಆದರೆ ಸಕ್ಕರೆ ಹೆಚ್ಚಾದ ರೋಗಿಗೂ ಕಡಿಮೆಯಾದ ರೋಗಿಗೂ ಮಾಡಬೇಕಾದ ಚಿಕಿತ್ಸೆ ತದ್ವಿರುದ್ಧ. ಹೈಪರ್ ಎಂಬುದು ಸಂಸ್ಕೃತದ ಉಪರಿ ಎಂಬುದಕ್ಕೆ ಬಂಧು, ಹೈಪೊ ಎಂಬುದು ಉಪ ಎಂಬುದಕ್ಕೆ. ಉಪರಿ ಎಂದರೆ ಮೇಲೆ. ಉಪಾಧ್ಯಕ್ಷ ಎಂದರೆ ಅಧ್ಯಕ್ಷರಿಗಿಂತ ಒಂದು ಮೆಟ್ಟಿಲು ಕೆಳಗೆ. ಹೀಗೆ ಹೇಳಿಕೊಟ್ಟ ಮೇಲೆ ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ಇವೆರಡನ್ನು ಅದಲುಬದಲು ಮಾಡುವುದು ಕಡಿಮೆಯಾಗಿದೆ.

ಸಂಸ್ಕೃತಪ್ರಿಯ:

ವೈದ್ಯರ ಉದಾಹರಣೆ ನನ್ನ ಬಹುಕಾಲದ ಅಭಿಪ್ರಾಯಕ್ಕೆ ಬಲ ಕೊಡುತ್ತದೆ. ಮಾತೃ–ಮದರ್, ಪಿತೃ–ಫಾದರ್, ಪಾದ–ಫುಟ್, ದಿನ–ಡೇ, ಜನಕ–ಜೀನ್. ಗ್ರೀಕ್, ಲ್ಯಾಟಿನ್ ಎಂದು ಸುತ್ತುವುದೇಕೆ? ಇವೆಲ್ಲ ಸಂಸ್ಕೃತದಿಂದ ಹೋದವು ಎಂದು ಮಕ್ಕಳಿಗೆ ನೇರವಾಗಿ ಹೇಳಬಹುದಲ್ಲ.

ಹಳೆಯ ಮೇಷ್ಟ್ರು:

ಹಾಗೆ ಹೇಳಬಾರದು ಸ್ವಾಮಿ. ಬಂಧು ಎಂಬುದಕ್ಕೂ ಮಗ ಎಂಬುದಕ್ಕೂ ವ್ಯತ್ಯಾಸವಿದೆ. 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ವಿಲಿಯಂ ಜೋನ್ಸ್ ಹೇಳಿದ್ದು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಯಾವುದೋ ಒಂದೇ ಮೂಲದಿಂದ, ಪ್ರಾಯಶಃ ಈಗ ಉಳಿದಿರದ ಮೂಲದಿಂದ, ಹೊರಟವೆಂದು. ಒಂದು ಇನ್ನೊಂದಕ್ಕೆ ತಾಯಿ ಎಂದಲ್ಲ.

ಪಿತೃ, ಪಾಟೆರ್, ಫಾದರ್ ಎಂಬಲ್ಲಿ ಪಕಾರದ ಜಾಗದಲ್ಲಿ ಇಂಗ್ಲಿಷಿನಲ್ಲಿ ಫಕಾರ ಬಂದಿರುವುದನ್ನು ನೋಡಿ. ಪಾದ–ಫುಟ್, ಪಂಚ–ಫೈವ್ ಎಂಬಲ್ಲಿಯೂ ಹಾಗೆಯೇ. ಜರ್ಮನಿಯ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ನಿಯಮವಾಗಿ ನಿರೂಪಿಸಿದರು. ಕನ್ನಡಿಗರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ: ಹಳಗನ್ನಡದ ಪಾಲ್, ಪುಲಿ, ಪೂ, ಪಂದಿ ಎಂಬವು ಹಾಲು, ಹುಲಿ, ಹೂ, ಹಂದಿ ಆದವು, ತಮಿಳಿನಲ್ಲಿ ಪಕಾರ ಇಂದಿಗೂ ಉಳಿದಿದೆ. ಹೀಗೆ ಒಂದು ಧ್ವನಿ ಕ್ರಮಬದ್ಧವಾಗಿ ಬದಲಾಗಿರುವುದೇ ನಂಟಿಗೆ ಸಾಕ್ಷಿ, ಪದಗಳು ನೋಡಲು ಒಂದೇ ತೆರ ಇರುವುದಲ್ಲ. ನೀವು ಕೊಟ್ಟ ಡೇ ಎಂಬುದೇ ಇದಕ್ಕೆ ನಿದರ್ಶನ. ಡೇ ಮತ್ತು ದಿನದ ಬಂಧುವಾದ ಲ್ಯಾಟಿನ್ನಿನ ಡಿಯೆಸ್ ಎರಡಕ್ಕೂ ಹಗಲು ಎಂದೇ ಅರ್ಥ, ಎರಡೂ ಡಕಾರದಿಂದಲೇ ಆರಂಭ, ಆದರೂ ಅವುಗಳಿಗೆ ಸಂಬಂಧವಿಲ್ಲ. ಸಂಬಂಧವಿದ್ದಿದ್ದರೆ ಗ್ರಿಮ್ ನಿಯಮದಂತೆ ಇಂಗ್ಲಿಷಿನಲ್ಲಿ ಟಕಾರ ಇರಬೇಕಿತ್ತು, ದಶ ಎಂಬುದಕ್ಕೆ ಟೆನ್ ಇರುವಂತೆ. ಹ್ಯಾವ್ ಮತ್ತು ಲ್ಯಾಟಿನ್ನಿನ ಹಬೇರೆ ಎಂಬ ಜೋಡಿಯೂ ಹೀಗೆಯೇ ಮೋಸ ಮಾಡುತ್ತದೆ.

ಇದರಿಂದ ಜೀವಶಾಸ್ತ್ರದ ತರಗತಿಗೂ ಲಾಭವಿದೆ. ಹೃದಯಕ್ಕೆ ಇಂಗ್ಲಿಷಿನ ಹಾರ್ಟ್, ಗ್ರೀಕಿನಿಂದ ಬಂದ ಕಾರ್ಡಿಯಾಕ್, ಲ್ಯಾಟಿನ್ನಿನಿಂದ ಬಂದ ಕಾರ್ಡಿಯಲ್ ಮೂರೂ ಒಂದೇ ಮನೆತನದವು. ಹಾರ್ಟ್ ಅದೇ ಮನೆಯಲ್ಲಿ ಹುಟ್ಟಿ ಬೆಳೆದದ್ದು. ಉಳಿದೆರಡು ಸಾವಿರಾರು ವರ್ಷಗಳ ಮೇಲೆ ಹೊರಗಿನಿಂದ ಬಂದು ಸೇರಿದ ದಾಯಾದಿಗಳು.

ತೋಟದ ಮನೆ:

ನಾನು ಭಾಷಾತಜ್ಞನಲ್ಲ, ಅಡಿಕೆ ಮತ್ತು ಕಾಳುಮೆಣಸು ಬೆಳೆಯುವವನು. ಆದರೆ ಇಲ್ಲಿಯವರೆಗೆ ಎಲ್ಲರೂ ಗ್ರೀಸ್, ರೋಮ್ ಎನ್ನುತ್ತಿದ್ದೀರಿ. ನಮ್ಮ ತೋಟದಿಂದ ಹೋದ ಪದಗಳನ್ನು ಯಾರೂ ಹೇಳಲಿಲ್ಲ.

ಪೆಪ್ಪರ್ ಎಂಬುದು ಲ್ಯಾಟಿನ್ನಿನ ಪಿಪೆರ್, ಗ್ರೀಕಿನ ಪೆಪೆರಿ ಎಂಬ ದಾರಿಯಲ್ಲಿ ಹಿಂದಕ್ಕೆ ಹೋದರೆ ಪಿಪ್ಪಲಿ ಎಂಬುದಕ್ಕೆ ಮುಟ್ಟುತ್ತದೆ. ಪಿಪ್ಪಲಿ ಎಂದರೆ ನಮ್ಮ ಕಾಳುಮೆಣಸಲ್ಲ, ಔಷಧಿಗೆ ಬಳಸುವ ಉದ್ದನೆಯ ಹಿಪ್ಪಲಿ. ಒಂದು ಬಳ್ಳಿಯ ಹೆಸರನ್ನು ಪಶ್ಚಿಮದವರು ಇನ್ನೊಂದು ಬಳ್ಳಿಗೆ ಕೊಟ್ಟರು. ಅಮೆರಿಕದಿಂದ ಹೊಸ ಖಾರದ ಕಾಯಿ ಬಂದಾಗ ಅದಕ್ಕೂ ಪೆಪ್ಪರ್ ಎಂದರು. ನಾವು ಮಾಡಿದ್ದೂ ಅದನ್ನೇ. ಪೋರ್ಚುಗೀಸರು ಆ ಕಾಯಿ ತರುವ ಮೊದಲು ಮೆಣಸು ಎಂದರೆ ಬಳ್ಳಿಯ ಕಾಳು. ಈಗ ಮೆಣಸಿನಕಾಯಿಗೆ ಆ ಹೆಸರು ಹೋಗಿ, ಹಳೆಯದನ್ನು ಕರಿಮೆಣಸು, ಕಾಳುಮೆಣಸು, ಕರಾವಳಿಯಲ್ಲಿ ಒಳ್ಳೆಮೆಣಸು ಎಂದು ಗುರುತಿಟ್ಟು ಕರೆಯಬೇಕಾಗಿದೆ.

ಅಡಿಕೆಯ ಶಾಸ್ತ್ರೀಯ ಹೆಸರು ಅರೆಕಾ ಕಟೆಚು. ಅರೆಕಾ ಎಂಬುದು ಮಲಯಾಳದ ಅಡಯ್ಕ ಎಂಬುದು ಪೋರ್ಚುಗೀಸರ ಬಾಯಿಗೆ ಸಿಕ್ಕು ಆದದ್ದು. ನಮ್ಮ ಅಡಿಕೆಗೆ ಅದು ಒಡಹುಟ್ಟು. ಕಟೆಚು ಎಂಬುದು ಎಲೆಯಡಿಕೆಗೆ ಹಾಕುವ ಕಾಚು ಎಂಬ ಪದದ ಬಳಗಕ್ಕೆ ಸೇರಿದ್ದು. 1753ರಲ್ಲಿ ಸಸ್ಯವಿಜ್ಞಾನಿ ಲಿನಿಯಸ್ ಕೊಟ್ಟ ಈ ‘ಲ್ಯಾಟಿನ್’ ಹೆಸರಿನಲ್ಲಿ ಲ್ಯಾಟಿನ್ ಏನಿದೆಯೋ ನನಗಂತೂ ಕಾಣುವುದಿಲ್ಲ. ಅದೇ ಗ್ರಂಥದಲ್ಲಿ ಮಾವಿಗೆ ಮಾಂಜಿಫೆರಾ ಇಂಡಿಕಾ ಎಂದಿದ್ದಾರೆ: ಮುಂದಿನ ತುಂಡು ತಮಿಳು–ಮಲಯಾಳದ ಮಾಂಗಾ, ಹಿಂದಿನದು ‘ಹೊರುವ’ ಎಂಬರ್ಥದ ಲ್ಯಾಟಿನ್ ಫೆರಾ. ಶುಂಠಿಯ ಜಿಂಜರ್ ಕೂಡ ಹಾಗೆಯೇ. ತಮಿಳಿನ ಇಂಜಿ ಮತ್ತು ವೇರ್, ಅಂದರೆ ನಮ್ಮ ಬೇರು, ಸೇರಿ ಪ್ರಾಕೃತ, ಗ್ರೀಕ್, ಲ್ಯಾಟಿನ್ ದಾಟಿ ಹೋಗಿದೆ ಎಂದು ಓದಿದ್ದೇನೆ. ಸಂಸ್ಕೃತದವರು ಅದನ್ನು ಶೃಂಗವೇರ ಮಾಡಿ, ಕೊಂಬಿನಾಕಾರದ್ದು ಎಂದು ತಮಗೆ ಒಪ್ಪುವ ಅರ್ಥ ಕೊಟ್ಟುಕೊಂಡರು.

ರೈಸ್ ಎಂಬುದು ಅರಿಸಿ, ಅಕ್ಕಿ ಎಂಬುದರಿಂದ ಹೋದದ್ದು ಎಂಬ ಮಾತು ನಿಜವೇ?

ಹಳೆಯ ಮೇಷ್ಟ್ರು:

ಜಿಂಜರ್ ಬಗ್ಗೆ ನೀವು ಹೇಳಿದ್ದು ಸರಿ. ರೈಸ್ ಗ್ರೀಕಿನ ಒರೈಜಾದಿಂದ ಬಂದದ್ದು ಖಚಿತ. ಆದರೆ ಗ್ರೀಕರಿಗೆ ಆ ಪದ ಇರಾನಿನ ಭಾಷೆಗಳ ಕಡೆಯಿಂದ, ಸಂಸ್ಕೃತದ ವ್ರೀಹಿಯ ಬಂಧುವಾಗಿ, ಬಂತೆಂದು ಹೆಚ್ಚಿನ ವಿದ್ವಾಂಸರ ಒಲವು. ಅರಿಸಿಯಿಂದ ನೇರವಾಗಿ ಹೋಯಿತೆಂಬುದನ್ನು ಇತ್ಯರ್ಥವಾದ ಸಂಗತಿಯಂತೆ ಪಾಠದಲ್ಲಿ ಹೇಳಬಾರದು.

ನಿಮ್ಮ ಪಟ್ಟಿಗೆ ನಾನೊಂದು ಸೇರಿಸುತ್ತೇನೆ, ಏಕೆಂದರೆ ಬಾಯಿಯ ದಾರಿ ಮತ್ತು ಮೇಜಿನ ದಾರಿ ಎರಡೂ ಒಂದೇ ಪದದಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪ. ಶರ್ಕರಾ ಎಂಬುದು ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಇಟಲಿಯಲ್ಲಿ ಜುಕ್ಕೆರೊ, ಫ್ರೆಂಚಿನಲ್ಲಿ ಸುಕ್ರ್ ಆಗಿ ಇಂಗ್ಲಿಷಿನಲ್ಲಿ ಶುಗರ್ ಆಯಿತು. ವ್ಯಾಪಾರಿಗಳ ಮೂಟೆಯ ಜೊತೆಗೇ ಹೆಸರೂ ಪ್ರಯಾಣ ಮಾಡಿತು. ಪ್ರಾಚೀನ ಗ್ರೀಕರು ಭಾರತದ ಕಡೆಯಿಂದಲೇ ಕೇಳಿ ಸಕ್ಖರಾನ್ ಎಂದು ಬರೆದಿಟ್ಟಿದ್ದರು. ಆ ಗ್ರಂಥಸ್ಥ ರೂಪದಿಂದ ರಸಾಯನವಿಜ್ಞಾನಿಗಳು ಸ್ಯಾಕರೈಡ್ ಕಟ್ಟಿದರು, 1879ರಲ್ಲಿ ಕಂಡುಬಂದ ಕೃತಕ ಸಿಹಿಗೆ ಸ್ಯಾಕರಿನ್ ಎಂದು ಹೆಸರಿಟ್ಟರು. ಅತ್ತ ಪ್ರಾಕೃತದ ಮೂಲಕ ನಮ್ಮ ಸಕ್ಕರೆ. ಮಧುಮೇಹ ಇರುವವರು ಸಕ್ಕರೆ ಬೇಡವೆಂದು ಸ್ಯಾಕರಿನ್ ತೆಗೆದುಕೊಂಡರೂ ಹೆಸರಿನ ಮಟ್ಟಿಗೆ ಶರ್ಕರೆಯಿಂದ ಬಿಡುಗಡೆಯಿಲ್ಲ.

ನಾಣ್ಯಸಂಗ್ರಾಹಕ:

ನನ್ನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯವಿದೆ. ಅದರ ಮೇಲೆ ಕನ್ನಡದಲ್ಲಿ ಮಯಿಲಿ ಕಾಸು ಎಂದೂ, ಇಂಗ್ಲಿಷ್ ಲಿಪಿಯಲ್ಲಿ ರೋಮನ್ ಅಂಕಿಯ ಇಪ್ಪತ್ತರ ಪಕ್ಕ ಕ್ಯಾಶ್ ಎಂದೂ ಅಚ್ಚಾಗಿದೆ. ಇಷ್ಟು ಗಟ್ಟಿ ಸಾಕ್ಷಿ ಇರುವಾಗ ಇಂಗ್ಲಿಷಿನ ಕ್ಯಾಶ್ ನಮ್ಮ ಕಾಸಿನಿಂದಲೇ ಹೋಯಿತು ಎನ್ನಲು ಅಡ್ಡಿಯೇನು?

ಹಳೆಯ ಮೇಷ್ಟ್ರು:

ಆ ನಾಣ್ಯದ ಮೇಲಿರುವ ಕ್ಯಾಶ್ ಕಾಸೇ, ಸಂಶಯವಿಲ್ಲ. ಪೋರ್ಚುಗೀಸರು ದ್ರಾವಿಡ ಭಾಷೆಗಳ ಕಾಸನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡರು, ಇಂಗ್ಲಿಷರು ಅವರಿಂದ ಪಡೆದು ಪೂರ್ವದೇಶಗಳ ಚಿಲ್ಲರೆ ನಾಣ್ಯಗಳಿಗೆ ಆ ಹೆಸರು ಕೊಟ್ಟರು. ಆದರೆ ಅಂಗಡಿಯಲ್ಲಿ ‘ಕ್ಯಾಶಾ, ಕಾರ್ಡಾ?’ ಎಂದು ಕೇಳುವ ಕ್ಯಾಶ್ ಬೇರೆ ಪದ. ಅದು ಫ್ರೆಂಚಿನ ಕೆಸ್ ಅಥವಾ ಇಟಲಿಯ ಕಾಸ್ಸಾ, ಅಂದರೆ ಪೆಟ್ಟಿಗೆ, ಎಂಬುದರಿಂದ ಬಂದದ್ದು. ಮೂಲ ಲ್ಯಾಟಿನ್ನಿನ ಕಾಪ್ಸಾ. ಕ್ಯಾಶಿಯರ್ ಇಂದಿಗೂ ಪೆಟ್ಟಿಗೆಯ ಮುಂದೆ ಕೂರುವವನೇ. ಔಷಧಿಯ ಕ್ಯಾಪ್ಸೂಲ್ ಕೂಡ ಅದೇ ಕಾಪ್ಸಾದ ಕಿರಿಯ ರೂಪ, ಪುಟ್ಟ ಪೆಟ್ಟಿಗೆ. ಎರಡು ಪದಗಳು ಎರಡು ದಿಕ್ಕಿನಿಂದ ಬಂದು ಒಂದೇ ಕಾಗುಣಿತದಲ್ಲಿ ಕೂಡಿಕೊಂಡಿವೆ. ನಿಮ್ಮ ನಾಣ್ಯ ಅವುಗಳಲ್ಲಿ ಒಂದಕ್ಕೆ ಮಾತ್ರ ಸಾಕ್ಷಿ.

ಲೆಕ್ಕದ ಮೇಷ್ಟ್ರು:

ತಪ್ಪು ತಿಳಿವಳಿಕೆಯಿಂದಲೇ ಹುಟ್ಟಿ, ಸರಿಯಾದ ಪದವಾಗಿ ನಿಂತವುಗಳನ್ನೂ ಸೇರಿಸಿಕೊಳ್ಳಿ. ತ್ರಿಕೋನಮಿತಿಯ ಸೈನ್ ಅವುಗಳಲ್ಲಿ ಮೊದಲನೆಯದು. ಆರ್ಯಭಟ ಮೊದಲಾದವರು ಬಿಲ್ಲಿನ ಹೆದೆ ಎಂಬರ್ಥದ ಜ್ಯಾ ಎಂಬ ಪದವನ್ನು ಬಳಸಿದರು. ಜೀವಾ ಎಂಬುದು ಅದಕ್ಕೆ ಪರ್ಯಾಯ. ಅರಬ್ಬಿಯ ಗಣಿತಜ್ಞರು ಅದನ್ನು ಅನುವಾದಿಸದೆ ಜೀಬಾ ಎಂದು ಹಾಗೆಯೇ ಎತ್ತಿಕೊಂಡರು. ಅರಬ್ಬಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲವಾದ್ದರಿಂದ, ಅರ್ಥವಿಲ್ಲದ ಆ ಪದವನ್ನು ಮುಂದಿನವರು ಜೈಬ್ ಎಂದು ಓದಿದರು. ಜೈಬ್ ಎಂದರೆ ಉಡುಪಿನ ಎದೆಯ ಮಡಿಕೆ. 12ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದಿಸಿದವರು ಮಡಿಕೆ ಎಂಬರ್ಥದ ಸೈನಸ್ ಎಂದು ಬರೆದರು. ಮೂಗಿನ ಸೈನಸ್ ಕೂಡ ಅದೇ ಪದ.

ಅರಬ್ಬಿಯ ಆ ಜೈಬ್ ಪಾರಸಿ, ಹಿಂದೂಸ್ತಾನಿ ದಾಟಿ ಕನ್ನಡಕ್ಕೂ ಬಂದಿದೆ: ನಮ್ಮ ಅಂಗಿಯ ಜೇಬು. ಸೈನ್ ತೀಟಾ ಬರೆಯಿಸುವಾಗ ಮಕ್ಕಳಿಗೆ ನಾನು ತಪ್ಪದೆ ಜೇಬು ಮುಟ್ಟಿಸುತ್ತೇನೆ.

ಮಲೆನಾಡ ಉಪನ್ಯಾಸಕಿ:

ಇಷ್ಟೊಂದು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದಗಳು. ತಪ್ಪಿನಿಂದ ಹುಟ್ಟಿದ ಪದ ಎಂದಾಗ ನೆನಪಾದದ್ದು ಆಕ್ಸಿಜನ್. ಎಲ್ಲ ಆಮ್ಲಗಳಿಗೂ ಅದೇ ಕಾರಣವೆಂದು ತಿಳಿದ ಲವಾಸಿಯೆ, ಹುಳಿ ಎಂಬುದಕ್ಕೂ ಹುಟ್ಟಿಸುವ ಎಂಬುದಕ್ಕೂ ಇರುವ ಗ್ರೀಕ್ ಬೇರುಗಳನ್ನು ಸೇರಿಸಿ ಆ ಹೆಸರು ಕಟ್ಟಿದರು. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು ಎಂದು ಸಾರಿದ ಮೇಲೆ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲವೆಂಬುದು ಸ್ಪಷ್ಟವಾಯಿತು. ಆದರೆ ಹೆಸರು ಉಳಿಯಿತು, ಮತ್ತು ನಾವು ಅದನ್ನು ಆಮ್ಲಜನಕ ಎಂದು ತುಂಡಿಗೆ ತುಂಡು ಜೋಡಿಸಿ ಕನ್ನಡಕ್ಕೆ ತಂದೆವು, ಲವಾಸಿಯೆಯ ಊಹೆಯ ಸಮೇತ. ಜಲಜನಕಕ್ಕೆ ಈ ತೊಂದರೆಯಿಲ್ಲ. ಅದು ಉರಿದರೆ ನೀರು ನಿಜವಾಗಿಯೂ ಹುಟ್ಟುತ್ತದೆ. ಆದ್ದರಿಂದ ಕಟ್ಟಿದ ಪದವನ್ನು ಬಿಡಿಸಿದಾಗ ಸಿಗುವುದು ವಸ್ತುವಿನ ಸ್ವರೂಪವಲ್ಲ, ಕಟ್ಟಿದವನ ಮನಸ್ಸಿನಲ್ಲಿ ಅಂದು ಏನಿತ್ತು ಎಂಬುದಷ್ಟೇ ಎಂದು ಮಕ್ಕಳಿಗೆ ಹೇಳಬೇಕೆಂದಿದ್ದೇನೆ. ಇದು ಸರಿಯೇ?

ಹಳೆಯ ಮೇಷ್ಟ್ರು:

ಸರಿಯಾಗಿ ಹಿಡಿದಿದ್ದೀರಿ. ನಾನು ಹೇಳಿದ ಗೆರೆಗೆ ಈ ತಿದ್ದುಪಡಿ ಬೇಕಿತ್ತು.

ಕಾಗುಣಿತದಲ್ಲಿಯೂ ಇಂಥ ಪಾಂಡಿತ್ಯದ ಕಿತಾಪತಿಗಳಿವೆ. ಸಾಲಕ್ಕೆ ಫ್ರೆಂಚಿನಿಂದ ಬಂದ ಡೆಟ್ ಎಂಬ ಪದವನ್ನು ಮೊದಲು ಬಿ ಅಕ್ಷರವಿಲ್ಲದೆ ಬರೆಯುತ್ತಿದ್ದರು. ಪದದ ಮೂಲ ಲ್ಯಾಟಿನ್ನಿನ ಡೆಬಿಟುಮ್ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ಪಂಡಿತರು ಬಿ ತುರುಕಿದರು. ಬಾಯಿ ಮಾತ್ರ ಕೇಳಲಿಲ್ಲ. ತದ್ಭವಕ್ಕೆ ಬರವಣಿಗೆಯಲ್ಲಿ ತತ್ಸಮದ ವೇಷ ತೊಡಿಸಿದಂತಾಯಿತು. ಡೌಟ್‌ನ ಬಿ, ರಿಸೀಟ್‌ನ ಪಿ ಹೀಗೆಯೇ ಬಂದವು. ಐಲೆಂಡ್‌ನ ಎಸ್ ಇನ್ನೂ ವಿಚಿತ್ರ: ಅದು ಅಪ್ಪಟ ಹಳೆಯ ಇಂಗ್ಲಿಷ್ ಪದವಾಗಿದ್ದರೂ ಲ್ಯಾಟಿನ್ನಿನ ಇನ್ಸುಲಾ ಬಳಗದ್ದೆಂದು ಭ್ರಮಿಸಿ ಎಸ್ ಸೇರಿಸಿದರು.

ಇನ್ನು ಸಿಲಬಸ್. ಈ ಪದ ಪ್ರಾಚೀನ ಗ್ರೀಕಿನಲ್ಲಿ ಇರಲೇ ಇಲ್ಲ. ಪ್ರಾಚೀನ ರೋಮಿನ ವಾಗ್ಮಿ ಸಿಸೆರೋನ ಪತ್ರಗಳಲ್ಲಿ ಪುಸ್ತಕದ ಸುರುಳಿಗೆ ಅಂಟಿಸುವ ಹೆಸರುಪಟ್ಟಿ ಎಂಬರ್ಥದ ಸಿಟ್ಟಿಬಾಸ್ ಎಂಬ ಪದವಿತ್ತು. 15ನೆಯ ಶತಮಾನದ ಮುದ್ರಿತ ಪ್ರತಿಗಳಲ್ಲಿ ಅದು ತಪ್ಪಾಗಿ ಸಿಲ್ಲಬಸ್ ಎಂದು ಅಚ್ಚಾಯಿತು. ಪ್ರತಿವರ್ಷ ನಾವು ಮುಗಿಸಲು ಒದ್ದಾಡುವ ಸಿಲಬಸ್ ಒಂದು ಮುದ್ರಣದೋಷ.

ಕನ್ನಡ ಮಾಧ್ಯಮದವನು:

ನಾನೂ ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನ ಪಿಯುಸಿಗೆ ಬಿದ್ದವನು, ಆದ್ದರಿಂದ ಸ್ವಲ್ಪ ಕಟುವಾಗಿ ಕೇಳುತ್ತೇನೆ. ಇದೆಲ್ಲ ಓದಲು ಸೊಗಸಾಗಿದೆ. ಆದರೆ ಪ್ರವೇಶ ಪರೀಕ್ಷೆಗೆ ಓದುವ ಹುಡುಗನಿಗೆ ಜೇಬಿನ ಕಥೆ, ಕಾಸಿನ ಕಥೆ ಕೇಳಲು ಸಮಯವೆಲ್ಲಿದೆ? ನಮಗೆ ಬೇಕಾಗಿದ್ದದ್ದು ಆ ಪದವನ್ನು ಹೆದರದೆ ಉಚ್ಚರಿಸುವ ಧೈರ್ಯ ಮತ್ತು ಪಕ್ಕದಲ್ಲಿ ಅದರ ಕನ್ನಡ ಪದ. ಗ್ರೀಕ್ ಬೇರಿನ ಪಟ್ಟಿ ಕೊಟ್ಟರೆ ಬಾಯಿಪಾಠದ ಹೊರೆ ಇನ್ನೊಂದು ಹೆಚ್ಚಿದಂತಾಗುವುದಿಲ್ಲವೇ?

ಧಾರವಾಡದ ವೈದ್ಯ:

ಪಟ್ಟಿಯಾಗಿ ಕೊಟ್ಟರೆ ಖಂಡಿತ ಹೊರೆ. ಪದ ಎದುರಾದಾಗ ಮಾತ್ರ ಬಿಡಿಸಿದರೆ ಹೊರೆ ಇಳಿಯುತ್ತದೆ. ಐಟಿಸ್ ಎಂದರೆ ಉರಿಯೂತ ಎಂದು ಒಮ್ಮೆ ತಿಳಿದವರಿಗೆ ಗ್ಯಾಸ್ಟ್ರೈಟಿಸ್, ಹೆಪಟೈಟಿಸ್, ಆರ್ಥ್ರೈಟಿಸ್ ಎಂಬ ಮೂರು ಹೆಸರುಗಳಲ್ಲಿ ಅರ್ಧರ್ಧ ಆಗಲೇ ಗೊತ್ತಿರುತ್ತದೆ. ನಿಮ್ಮ ಉಚ್ಚಾರಣೆಯ ಮಾತನ್ನು ಒಪ್ಪುತ್ತೇನೆ. ಉದ್ದದ ಪದವನ್ನು ಎಲ್ಲಿ ಮುರಿದು ಓದಬೇಕೆಂದು ತಿಳಿದರೆ ನಾಲಿಗೆ ಅರ್ಧ ತಾನೇ ಹೊರಳುತ್ತದೆ.

ಮಲೆನಾಡ ಉಪನ್ಯಾಸಕಿ:

ಅವರ ಆಕ್ಷೇಪ ನ್ಯಾಯವಾದದ್ದೇ. ಪಟ್ಟಿಯನ್ನು ಕೈಬಿಡುತ್ತೇನೆ, ಪಾಠದಲ್ಲಿ ಪದ ಬಂದಾಗ ಮೂರು ಸಾಲು ಬರೆಸುತ್ತೇನೆ: ಇಂಗ್ಲಿಷ್ ಪದ, ಅದರ ತುಂಡುಗಳು ಭಾಷೆಯ ಹೆಸರಿನೊಂದಿಗೆ, ಕೆಳಗೆ ಕನ್ನಡ ಪದ. ಕಥೆಗಳು ಪಾಠ ಮುಗಿದ ಮೇಲೆ, ಕೇಳುವವರಿಗೆ.

ಒಂದು ಪ್ರಶ್ನೆ ಉಳಿದಿದೆ. ಪದವನ್ನು ಎಲ್ಲಿ ಮುರಿಯಬೇಕು ಎಂದು ವೈದ್ಯರು ಹೇಳಿದ್ದರಿಂದ ಕೇಳುತ್ತಿದ್ದೇನೆ. ಹೆಲಿಕಾಪ್ಟರ್‌ನಲ್ಲಿ ಹೆಲಿ ಎಂದರೇನು, ಕಾಪ್ಟರ್ ಎಂದರೇನು ಎಂದು ನಿನ್ನೆ ಒಬ್ಬ ಕೇಳಿದ. ಹೀಲಿಯೋಸ್, ಅಂದರೆ ಸೂರ್ಯ, ಎಂಬುದಕ್ಕೂ ಇದಕ್ಕೂ ಸಂಬಂಧವಿದೆಯೇ?

ಹಳೆಯ ಮೇಷ್ಟ್ರು:

ಸೂರ್ಯನಿಗೂ ಅದಕ್ಕೂ ಸಂಬಂಧವಿಲ್ಲ. ಮುರಿಯಬೇಕಾದ ಜಾಗ ಹೆಲಿಕೊ ಆದ ಮೇಲೆ: ಹೆಲಿಕೊ ಎಂದರೆ ಸುರುಳಿ, ಪ್ಟೆರ್ ಎಂದರೆ ರೆಕ್ಕೆ, ಎರಡೂ ಗ್ರೀಕ್. 1861ರಲ್ಲಿ ಫ್ರಾನ್ಸಿನ ಗುಸ್ತಾವ್ ಪೊಂತೊಂ ದಾಮೆಕೂರ್ ಕಟ್ಟಿದ ಪದ. ಅದು ಮೇಜಿನಿಂದ ಎದ್ದು ಬಾಯಿಗೆ ಬಂದಾಗ ಜನ ಅದನ್ನು ತಮಗೆ ಬೇಕಾದಲ್ಲಿ ಮುರಿದರು. ಮುಂದಿನ ತುಂಡಿನಿಂದ ಹೆಲಿಪ್ಯಾಡ್, ಹಿಂದಿನ ತುಂಡಿನಿಂದ ಮದುವೆ ಮನೆಗಳಲ್ಲಿ ವಿಡಿಯೊ ತೆಗೆಯಲು ಹಾರಿಸುವ ಕ್ವಾಡ್‌ಕಾಪ್ಟರ್ ಹುಟ್ಟಿಕೊಂಡವು. ಗ್ರೀಕ್ ವ್ಯಾಕರಣಕ್ಕೆ ಇದು ಒಪ್ಪಿತವಲ್ಲ, ಇಂಗ್ಲಿಷಿಗೆ ಒಪ್ಪಿತ.

ಮಲೆನಾಡ ಉಪನ್ಯಾಸಕಿ:

ಹಾಗಾದರೆ ಅದು ನಮ್ಮ ಕೀಟಗಳ ಪ್ಟೆರಾ! ಡಿಪ್ಟೆರಾ, ಎರಡು ರೆಕ್ಕೆಯ ನೊಣ, ಸೊಳ್ಳೆ. ಲೆಪಿಡಾಪ್ಟೆರಾ, ಹುರುಪೆ ರೆಕ್ಕೆಯ ಚಿಟ್ಟೆ. ಕೋಲಿಯಾಪ್ಟೆರಾ, ಒರೆಯಂಥ ರೆಕ್ಕೆಯ ದುಂಬಿ. ಈ ಗಣಗಳ ಹೆಸರು ಮಕ್ಕಳ ತಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸೋಮವಾರದ ತರಗತಿಯನ್ನು ಆ ಹುಡುಗನ ಹೆಲಿಕಾಪ್ಟರ್‌ನಿಂದಲೇ ಆರಂಭಿಸುತ್ತೇನೆ.